ಗಿಡದ ಸೊಸೆ, ಷೇರಿನ ಮೊಮ್ಮಗಳು

ರಸೂಲಬಿಗೆ ಸಿಟ್ಟು ಬಂದಿದೆ ಎಂದು ಬೆಟಗೇರಿಯ ಆ ಓಣಿಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಹುಣಸೆಹಣ್ಣು ಬಡಿಯುವ ಸಪ್ಪಳವೇ ಹೇಳುತ್ತಿತ್ತು. ಸಮಾಧಾನದಲ್ಲಿದ್ದ ದಿನ ಅವಳ ಕೈಬಡಿಗೆ ಕಲ್ಲಿನ ಮೇಲೆ ಮೆತ್ತಗೆ ಮಾತಾಡಿದಂತೆ ಬೀಳುತ್ತಿತ್ತು. ಅಂದು ಮಾತ್ರ ಬೀಜಗಳು ಸಿಡಿದು ಎದುರು ಮನೆಯ ಕಟ್ಟೆಯವರೆಗೆ ಹಾರುತ್ತಿದ್ದವು.

ಆ ಹಣ್ಣು ಬಂದದ್ದು ಅಸುಂಡಿಯಿಂದ. ಅಲ್ಲಿ ಹೊಲದ ಬದುವಿನ ಮೇಲೆ ರಸೂಲಬಿಯದೊಂದು ಹುಣಸೆ ಗಿಡವಿದೆ. ಹೊಲ ಎಂದೋ ಮಾರಿಹೋಗಿ ಈಗ ಅಂದಪ್ಪ ಎಂಬ ರೈತನದಾಗಿದೆ. ಗಿಡ ಮಾತ್ರ ಇವಳದೇ. ಪ್ರತಿ ವರ್ಷ ಹಣ್ಣಾದಾಗ ಅಂದಪ್ಪನೇ ಫೋನು ಮಾಡಿ, "ಅಮ್ಮಾರ, ನಿಮ್ಮ ಗಿಡ ಜೋತ ಬಿದ್ದೈತ್ರಿ, ಬರ್ರಿ" ಎನ್ನುತ್ತಾನೆ. ಆ ಗಿಡ ಅವಳಿಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ "ಮಾವ ಕೊಟ್ಟದ್ದು" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ವಯಸ್ಸಾಯಿತು, ಇನ್ನಾದರೂ ಬಿಡು ಎಂದರೆ ಕೇಳುವ ಹೆಂಗಸಲ್ಲ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?

ಈ ಸಲದ ಸಿಟ್ಟಿಗೆ ಕಾರಣ ಮೊಮ್ಮಗಳು ತಸ್ಲೀಮ. ಗದುಗಿನ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳಿಗೆ ಮುಂಡರಗಿಯ ಅಬ್ರಾರ ಎಂಬ ಹುಡುಗ ಮದುವೆಗೆ ಗೊತ್ತಾಗಿದ್ದ. ಕಪ್ಪತಗುಡ್ಡದ ಕಡೆ ನಿಂತಿರುವ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ನೌಕರಿ, ತೂಕದ ಮಾತು, ಕೆಟ್ಟ ಚಟ ಒಂದೂ ಇಲ್ಲ. ಎರಡೂ ಮನೆಗೆ ಒಪ್ಪಿಗೆಯಾಗಿ ಇನ್ನೇನು ತಾರೀಖು ಹಿಡಿಯಬೇಕು ಎನ್ನುವಾಗ ಮೆಹರ್ ಮಾತು ಬಂತು. ನಿಕಾಹಿನಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದು ಮೆಹರ್; ಅದು ಅವಳೊಬ್ಬಳದೇ ಹಕ್ಕು, ಅಪ್ಪನೂ ಮುಟ್ಟುವಂತಿಲ್ಲ, ಗಂಡನೂ ಕೇಳುವಂತಿಲ್ಲ. ಆದರೆ ಆ ಓಣಿಯಲ್ಲಿ ಮೆಹರ್ ಕೊಡುತ್ತೇನೆ ಎಂದು ಹೇಳುವುದು ರೂಢಿಯಾಗಿತ್ತೇ ಹೊರತು ಕೊಡುವುದು ಅಷ್ಟಾಗಿ ರೂಢಿಯಾಗಿರಲಿಲ್ಲ. ಏನು ಬೇಕು ಎಂದು ಕೇಳಿದ್ದಕ್ಕೆ ತಸ್ಲೀಮ ಎಲ್ಲರ ಮುಂದೆ ಹೇಳಿಬಿಟ್ಟಳು:

"ನನಗ ಬಂಗಾರ ಬ್ಯಾಡ, ರೊಕ್ಕಾ ಬ್ಯಾಡ. ಷೇರ್ ಕೊಡಸ್ರಿ. ಅದೂ ನಿಕಾಕ್ಕಿಂತ ಮೊದಲ."

ಅವಳ ಅಪ್ಪ ನಯಾಜ ಗಾದಿ ಹೊಲಿಯುವವನು. ಕೈಯಲ್ಲಿದ್ದ ದಬ್ಬಣ ಹಾಗೇ ಹಿಡಿದುಕೊಂಡು, "ಅಮ್ಮಾ ಏನಂತಾಳೋ ನೋಡೂಣು" ಎಂದ. ಆ ಮನೆಯಲ್ಲಿ ದೊಡ್ಡ ಮಾತೆಲ್ಲ ಕಡೆಗೆ ರಸೂಲಬಿಯ ಅಂಗಳಕ್ಕೇ ಬಂದು ಬೀಳುತ್ತದೆ. ಬಡಿಗೆಯ ಸಪ್ಪಳ ಜೋರಾದದ್ದು ಆಗಲೇ.

ತಸ್ಲೀಮ ಬಂದು ಎದುರಿಗೆ ಕೂತು, ತಾನೂ ಹಣ್ಣಿನ ಸಿಪ್ಪೆ ಸುಲಿಯತೊಡಗಿದಳು. ಅಜ್ಜಿ ತಲೆ ಎತ್ತದೆಯೇ ಮಾತು ತೆಗೆದಳು.

"ಓಸಿ ಜೂಜಿನ ನಂಬರ ಆಡಿ ನನ್ನ ತಮ್ಮ ಹೊಲಿಗಿ ಮಷೀನ ಕಳಕೊಂಡ. ಅದರ ಅಕ್ಕನೋ ತಂಗಿನೋ ಇದು."

"ಓಸಿಯೊಳಗ ಏನ ಕೊಳ್ತಾರ ದಾದಿ?"

"ಏನ ಕೊಳ್ತಾರ? ನಂಬರ."

"ಷೇರಿನೊಳಗ ಅಂಗಡಿ ಕೊಳ್ತಾರ. ಇಡೀ ಅಂಗಡಿ ಅಲ್ಲ, ಅದರಾಗಿನ ಒಂದ ಚೂರು. ನಾನೂ ಒಬ್ಬಾಕಿ ಮಾಲಕಿ. ಗಳಿಸಿದ್ರ ನನಗೂ ಪಾಲು, ಮುಳುಗಿದ್ರ ನನಗೂ ಪಾಲು."

"ಮುಳುಗಿದ್ರನೂ ಪಾಲು! ಇಷ್ಟ ಚಂದ ಹೇಳಾಕ ನಿನ್ನ ಕಾಲೇಜಿಗೆ ಕಳಿಸಿದ್ವಿ ನೋಡು."

ತಸ್ಲೀಮಳಿಗೆ ನಗು ಬಂತು. ಅಜ್ಜಿಯ ಸಿಟ್ಟು ಅವಳಿಗೆ ಹೊಸದಲ್ಲ. ಆಫೀಸಿಗೆ ಹೊಸದಾಗಿ ಬಂದವರಿಗೆ ಹೇಳಿಕೊಡುವ ಹಾಗೆ ಬಿಡಿಸಿ ಬಿಡಿಸಿ ಹೇಳತೊಡಗಿದಳು. "ಎಲ್ಲಾ ಷೇರೂ ಒಂದ ಥರ ಅಲ್ಲ ದಾದಿ. ಸಬಕಾರ, ಉಪ್ಪು, ಗುಳಿಗಿ ಮಾಡೋ ಕಂಪನಿ ಇರತಾವ. ಮಳಿ ಬರ್ಲಿ, ಬಿಡ್ಲಿ, ಜನಾ ಮೈ ತೊಳಕೊಳ್ಳೋದು ಬಿಡೂದಿಲ್ಲ."

"ಬಿಟ್ಟವರೂ ಅದಾರ," ಎಂದು ರಸೂಲಬಿ ಎದುರು ಮನೆಯ ಕಡೆಗೆ ಕಣ್ಣು ಹಾಯಿಸಿದಳು.

"ಇರ್ಲಿ ಬಿಡು. ಅಂಥಾ ಷೇರು ದೊಡ್ಡ ಜಿಗಿತ ಜಿಗಿಯೂದಿಲ್ಲ, ದೊಡ್ಡದಾಗಿ ಬೀಳೂದೂ ಕಡಿಮಿ. ಸಿಮೆಂಟ, ಕಬ್ಬಿಣ, ಟ್ರ್ಯಾಕ್ಟರ ಅವು ಬ್ಯಾರೆ. ದೇಶದಾಗ ಕೆಲಸ ಜೋರ ನಡದ್ರ ಕುಣಿತಾವ, ತಣ್ಣಗಾತಂದ್ರ ಮುಸುಕ ಹಾಕ್ಕೊಂಡು ಮಲಗತಾವ. ಅಂಥಾವನ್ನ ತಗೊಳ್ಳಾಕ ವ್ಯಾಳ್ಯಾ ತಿಳೀಬೇಕು. ನಾ ಕೇಳಿಲ್ಲ ಅವನ್ನ."

"ಮತ್ತ ಸೋವಿ ಸಿಗೋವು? ನಮ್ಮ ಓಣ್ಯಾಗ ಯಾವಾನೋ ಒಬ್ಬ ಸೇಂಗಾಕ್ಕಿಂತ ಸೋವಿ ಷೇರು ಅಂತ ಚೀಲಗಟ್ಟಲೆ ತಗೊಂಡಾನಂತ."

"ಅವು ಹುಳಾ ಹಿಡದ ಹಣ್ಣು ಇದ್ದಂಗ ದಾದಿ, ಮ್ಯಾಲಿಂದ ಸಿಪ್ಪಿ ಚಂದ. ಕಂಪನಿ ಎಲ್ಲೈತಿ, ಏನ ಮಾಡತೈತಿ, ಯಾರಿಗೂ ಗೊತ್ತಿಲ್ಲ. ಮಾರೂಣು ಅಂದ್ರ ಕೊಳ್ಳಾವರ ಇರೂದಿಲ್ಲ. ನಮ್ಮ ಸಾಹೇಬ್ರು ಅಂಥಾವನ್ನ ಮುಟ್ಟಾಕೂ ಬಿಡೂದಿಲ್ಲ."

ರಸೂಲಬಿಯ ಬಡಿಗೆ ಸ್ವಲ್ಪ ಮೆತ್ತಗಾಗಿತ್ತು. ಮೊಮ್ಮಗಳು ಮಾತಾಡುವುದನ್ನು ಕೇಳುವುದೆಂದರೆ ಅವಳಿಗೆ ಒಳಗೊಳಗೇ ಹಿಗ್ಗು. ಇವಳ ಕಾಲೇಜಿನ ಫೀಜು ಕಟ್ಟಿದ್ದೇ ಅಸುಂಡಿಯ ಗಿಡ. ಹಾಕಿದ್ದು ದಂಡವಾಗಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಹಿಗ್ಗನ್ನು ಮುಖದ ಮೇಲೆ ತಂದುಕೊಂಡರೆ ಅವಳು ರಸೂಲಬಿ ಹೇಗಾದಾಳು?

"ಆತು, ನೀ ಕೇಳಿದ್ದು ಯಾವು?" ಎಂದಳು ಒರಟಾಗಿ.

"ಮೂರ ಥರ. ಒಂದು ಸಬಕಾರದ್ದು, ಭಾಳ ದೊಡ್ಡ ಕಂಪನಿ. ವರ್ಷಾ ವರ್ಷಾ ಲಾಭದಾಗಿನ ಪಾಲು ಕೈಗೆ ಕೊಡಕೋಂತ ಬಂದೈತಿ. ಒಂದು ನೀರಿನ ಪಂಪು ಮಾಡೋದು, ನಡುವಿನ ಕಂಪನಿ. ಮೂರನೇದು ಸಣ್ಣದು, ಹನಿ ನೀರಾವರಿ ಪೈಪಿಂದು. ಅದು ಸದ್ಯಕ್ಕ ಏನೂ ಹಂಚೂದಿಲ್ಲ. ಗಳಿಸಿದ್ದೆಲ್ಲಾ ಮತ್ತ ತನ್ನ ದಂಧೆಕ್ಕ ಹಾಕಿ ಬೆಳಿಯಾಕ ಹತ್ತೈತಿ. ಬೆಳದ್ರ ಭಾಳ ಬೆಳೀತೈತಿ. ಬಡ್ಡಿ ಮ್ಯಾಲೆ ನಡಿಯೋದು, ಶೆರೆ ಮಾಡೋದು, ನಮ್ಮ ಧರ್ಮದಾಗ ನಡಿಯೂದಿಲ್ಲ ಅಂತ ಅವನ್ನ ನಾ ಮೊದಲ ಬಿಟ್ಟೀನಿ."

ಬಡಿಗೆ ನಿಂತಿತು. "ಏನೂ ಕೊಡದ್ದನ್ನ ಮೆಹರ್ ಅಂತ ಬೇಡತಿಯೇನ? ಜನಾ ನಗತಾರ ತಸ್ಲೀಮ. ನನ್ನಿಂದ ಹೂಂ ಅನ್ನಾಕ ಆಗೂದಿಲ್ಲ."

ತಸ್ಲೀಮ ಸಿಪ್ಪೆ ತುಂಬಿದ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ಮುಖ ಸಣ್ಣದಾದದ್ದನ್ನು ಅಜ್ಜಿ ಕಂಡಳು. ಆ ರಾತ್ರಿ ರಸೂಲಬಿಗೆ ಊಟ ಸೇರಲಿಲ್ಲ.

ಮುಂದಿನ ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಅಬ್ರಾರನ ಜೊತೆ ಮುಂಡರಗಿಯವರು ಬಂದರು. ಅಬ್ರಾರನಿಗೆ ತಂದೆಯಿಲ್ಲ, ದೊಡ್ಡಪ್ಪ ಮೌಲಾಸಾಬನೇ ಹಿರಿಯ. ಕಾಳುಕಡಿ ವ್ಯಾಪಾರದಲ್ಲಿ ಪಳಗಿದ ಮನುಷ್ಯ, ಮಾತಾಡಿದರೆ ತಕ್ಕಡಿ ತೂಗಿದ ಹಾಗೆ. ಜೊತೆಗೆ ನಿಕಾಹ್ ಓದಬೇಕಾಗಿದ್ದ ಶಿರಹಟ್ಟಿಯ ಖಾಜಿ ಸಾಹೇಬರನ್ನೂ ಕರೆತಂದಿದ್ದ. ನಯಾಜ ಹೊಸ ಗಾದಿ ಹಾಸಿ ಕೂರಿಸಿದ. ತಸ್ಲೀಮ, ಅವಳ ತಾಯಿ ಶಾಹಿಸ್ತಾ, ರಸೂಲಬಿ ಒಳಬಾಗಿಲ ಪರದೆಯ ಹಿಂದೆ ಕೂತರು.

ಚಹಾ ಮುಗಿಯುವ ತನಕ ಮಳೆ, ಬೆಳೆ, ಉಳ್ಳಾಗಡ್ಡಿ ದರ. ಆಮೇಲೆ ಮೌಲಾಸಾಬ ಬಸಿ ಕೆಳಗಿಟ್ಟ.

"ನೋಡ್ರಿ ನಯಾಜ, ನಾ ಗದುಗಿನ್ಯಾಗ ತಿಳಿದವರನ್ನ ಕೇಳಿಕೊಂಡ ಬಂದೀನಿ. ನಿಮ್ಮ ಹುಡುಗಿಗೆ ಷೇರ ಬೇಕಂದ್ರ ಒಂದ ದಾರಿ ಐತಂತ. ಪ್ರಿಫರೆನ್ಸ್ ಷೇರು ಅಂತ. ಇಷ್ಟ ಲಾಭಾ ಅಂತ ಮೊದಲ ಠರಾವ ಆಗಿರತೈತಿ. ಏರೂದಿಲ್ಲ, ಇಳಿಯೂದಿಲ್ಲ. ಅಂಥಾದ್ದ ಕೊಡೂಣಲ್ಲ?"

ನಯಾಜ ಪರದೆಯ ಕಡೆ ನೋಡಿದ. ಅದರ ಹಿಂದಿನಿಂದ ತಸ್ಲೀಮಳ ದನಿ ಬಂತು, ತಗ್ಗಿ ಬಂದರೂ ನಡುಗದೆ ಬಂತು.

"ದೊಡ್ಡಪ್ಪಾರ, ಅವರಿಗೆ ಲಾಭಾ ನಮಗಿಂತ ಮೊದಲ ಸಿಗತೈತ್ರಿ, ಖರೆ. ಕಂಪನಿ ಮುಚ್ಚಿದ್ರೂ ನಮಗಿಂತ ಮೊದಲ ಅವರ ಪಾಳೆ. ಆದ್ರ ಕಂಪನಿ ಎಷ್ಟ ಬೆಳದ್ರೂ ಅವರಿಗೆ ಠರಾವ ಆದಷ್ಟ. ಸಭಾದಾಗ ಕೈ ಎತ್ತೋ ಹಕ್ಕೂ ಸಾಮಾನ್ಯವಾಗಿ ಇರೂದಿಲ್ಲ. ಹಂಗ ಮೊದಲ ಠರಾವ ಮಾಡಿದ ಲಾಭಾ ನಮಗ ನಡೀತೈತೋ ಇಲ್ಲೋ, ಅದನ್ನ ಖಾಜಿ ಸಾಹೇಬ್ರ ಹೇಳಬೇಕ್ರಿ."

ಖಾಜಿ ಸಾಹೇಬರು ಗಡ್ಡ ನೇವರಿಸಿಕೊಂಡು, "ಅದು ಬಡ್ಡಿ ನೆಳ್ಳಾಗ ಬರತೈತಿ ಅಂತ ಧರ್ಮಾ ಓದಿದ ಭಾಳ ಮಂದಿ ಆಲಿಮರು ಅಂತಾರ. ಬಿಡೂದ ಛಲೋ," ಎಂದರು.

ಪರದೆಯ ಹಿಂದೆ ರಸೂಲಬಿಯ ಎದೆ ಉಬ್ಬಿತು. ಒಪ್ಪಿಗೆ ಬೇರೆ, ಹೆಮ್ಮೆ ಬೇರೆ. ಒಪ್ಪದ ಮಾತನ್ನೂ ಇಷ್ಟು ನೆಟ್ಟಗೆ ಆಡುವ ಹುಡುಗಿ ತನ್ನ ಮೊಮ್ಮಗಳಲ್ಲವೇ? ಸೊಸೆ ಶಾಹಿಸ್ತಾಳ ಮೊಣಕೈಯನ್ನು ಮೆಲ್ಲಗೆ ತಿವಿದಳು, ಕೇಳಿದೆಯಾ ಎನ್ನುವಂತೆ.

ಮೌಲಾಸಾಬ ಒಂದು ಹೆಜ್ಜೆ ಹಿಂದೆ ಸರಿದ, ಆದರೆ ತಕ್ಕಡಿ ಕೆಳಗಿಡಲಿಲ್ಲ. "ಆತು. ಹಂಗಾದ್ರ ಆ ಮೂರನೇದು, ಪೈಪಿನ ಕಂಪನಿ. ಇವತ್ತಿನ ತನಕ ಒಂದ ಪೈ ಹಂಚಿಲ್ಲಂತಲ್ರಿ? ಮಸೂತಿಯೊಳಗ ನಾಲ್ಕ ಮಂದಿ ಕೂತಾಗ, ಫಲಾ ಕೊಡದ್ದನ್ನ ಮೆಹರ್ ಅಂತ ಓದಿಸೂದೇನ? ಜನಾ ನಗತಾರ. ನಮ್ಮ ಮನಿತನ ನೋಡಿ ನಗತಾರ. ಬಂಗಾರ ಅನ್ರಿ, ಈಗ ಹೂಂ ಅಂತೀನಿ. ಇಲ್ಲಂದ್ರ ಈ ಮಾತ ಇಲ್ಲಿಗೇ ನಿಲ್ಲಲಿ."

ಅಬ್ರಾರ ಬಾಯಿ ತೆರೆಯಹೋದ, ದೊಡ್ಡಪ್ಪನ ಕೈ ಮೇಲೆದ್ದು ತಡೆಯಿತು. ನಯಾಜನ ಮುಖದ ಬಣ್ಣವೇ ಇಳಿಯಿತು. ಅವನು, "ಈ ಮನಿಯಾಗ ನಮ್ಮ ಅಮ್ಮಾನೇ ಹಿರೇಳು. ಅಕಿ ಏನಂತಾಳ, ಅದ," ಎಂದ.

ಎಲ್ಲರ ಕಣ್ಣೂ ಪರದೆಯ ಮೇಲೆ ಬಿದ್ದವು. ತಸ್ಲೀಮ ಅಜ್ಜಿಯ ಕಡೆ ನೋಡಲಿಲ್ಲ. ನೋಡಿ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಲೆ ತಗ್ಗಿಸಿ ಓಢಣಿಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ರಸೂಲಬಿಯ ಕಿವಿಯಲ್ಲಿ ಮಾತ್ರ ಮೌಲಾಸಾಬನ ಒಂದೇ ಮಾತು ನಿಂತುಬಿಟ್ಟಿತ್ತು. ಜನಾ ನಗತಾರ. ಮೊನ್ನೆ ಅಂಗಳದಲ್ಲಿ ತಾನೇ ಆಡಿದ ಮಾತು. ಇನ್ನೊಬ್ಬರ ಬಾಯಿಂದ ಕೇಳಿದಾಗ ಅದರ ಹುಳಿ ಹಲ್ಲಿಗೆ ತಾಗಿತು.

ನಕ್ಕಿದ್ದರು. ಲಕ್ಷ್ಮೇಶ್ವರದ ಅವಳ ತವರಿನಲ್ಲಿ, ಅವಳದೇ ನಿಕಾಹಿನಲ್ಲಿ, ಹಂದರ ಹಾರಿಹೋಗುವಂತೆ ನಕ್ಕಿದ್ದರು. ಗಂಡ ಫಕೀರಸಾಬನ ಅಪ್ಪನ ಕೈಯಲ್ಲಿ ಆಗ ರೊಕ್ಕವಿರಲಿಲ್ಲ, ಬಂಗಾರವಂತೂ ಇರಲೇ ಇಲ್ಲ. ಸುಳ್ಳು ಅಂಕಿ ಓದಿಸಲು ಅವನಿಗೆ ಮನಸ್ಸಾಗಲಿಲ್ಲ. "ಅಸುಂಡಿ ಹೊಲದ ಬದುವಿನಾಗ ಒಂದ ಹುಣಸಿ ಸಸಿ ಐತಿ. ಅದು ಇವತ್ತಿನಿಂದ ಈ ಹುಡುಗಿದು" ಎಂದುಬಿಟ್ಟ. ಸಸಿ! ಆಳಿನ ಸೊಂಟಕ್ಕೂ ಬರದ ಸಸಿ. ಕಾಯಿಯಿಲ್ಲ, ಹೂವಿಲ್ಲ, ಕೂರಲು ನೆರಳೂ ಇಲ್ಲ. ಖಾಜಿ ಅದನ್ನು ಓದಿದಾಗ ಗಂಡಸರು ಮೀಸೆಯಲ್ಲಿ, ಹೆಂಗಸರು ಸೆರಗಿನಲ್ಲಿ ನಕ್ಕರು. ಅವಳಿಗೆ 'ಗಿಡದ ಸೊಸಿ' ಎಂಬ ಹೆಸರು ಅಂದೇ ಬಿತ್ತು. ಎಂಟು ಹತ್ತು ವರ್ಷ ಅದು ಒಂದು ಕಾಯಿಯನ್ನೂ ಬಿಡಲಿಲ್ಲ. ಕೊಡ ಹೊತ್ತು ನೀರು ಹಾಕಿದಳು, ಆಡು ತಿನ್ನದ ಹಾಗೆ ಮುಳ್ಳು ಕಟ್ಟಿದಳು, ಅವಮಾನಕ್ಕೆ ಆ ಕಥೆಯನ್ನೇ ಮುಚ್ಚಿಟ್ಟಳು. ಗಿಡ ಕಾಯಿ ಬಿಡತೊಡಗಿದ ಮೇಲೂ ಮುಚ್ಚಿಯೇ ಇಟ್ಟಿದ್ದಳು. ಯಾತಕ್ಕೆ? ಬೇರೆಯವರ ನಗು ಅಷ್ಟು ವರ್ಷ ತನ್ನ ಬಾಯಿಗೆ ಬೀಗ ಹಾಕಿತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು.

ಪರದೆ ಸರಿಸಿ ಹೊರಗೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಖಾಜಿಯವರ ಎದುರಿಗೇ ಕೂತಳು.

"ಖಾಜಿ ಸಾಹೇಬ್ರ, ಒಂದ ಮಾತ ಕೇಳತೀನ್ರಿ. ಇನ್ನೂ ಫಲಾ ಬಿಡದ ಹುಣಸಿ ಸಸಿ ಮೆಹರ್ ಆಗತೈತೋ ಇಲ್ಲೋ?"

"ಯಾವ ಸಸಿ, ಎಲ್ಲಿಂದು ಅಂತ ಗೊತ್ತಿದ್ದು, ಹುಡುಗಿ ಒಪ್ಪಿದ್ರ ಆಗತೈತಿ ಅಮ್ಮಾ. ಏನ ಕೊಡತಾರ ಅನ್ನೂದು ಗೊತ್ತಿರಬೇಕು. ನಾಳಿಗೆ ಅದರ ಬೆಲಿ ಎಷ್ಟಾಗತೈತಿ ಅನ್ನೂದು ಯಾರಿಗೂ ಗೊತ್ತಿರಬೇಕಿಲ್ಲ."

"ಹಂಗಾದ್ರ ನನ್ನ ನಿಕಾ ಬರೋಬರಿ ಆಗೈತಿ," ಎಂದಳು ರಸೂಲಬಿ. ನಯಾಜನ ಬಾಯಿ ತೆರೆದದ್ದು ತೆರೆದೇ ಇತ್ತು. ಇಷ್ಟು ವರ್ಷ ಅವನಿಗೂ ಈ ಸುದ್ದಿ ಗೊತ್ತಿರಲಿಲ್ಲ. "ಅಸುಂಡಿ ಗಿಡಾ ನನ್ನ ಮೆಹರ್ರಿ ಮೌಲಾಸಾಬ್ರ. ಕೊಟ್ಟಾಗ ಇಷ್ಟ ಇತ್ತು, ನನ್ನ ಮೊಣಕಾಲಿನ ಮ್ಯಾಲ ಒಂದ ಗೇಣು. ಜನಾ ನಕ್ಕರು. ನಕ್ಕವರ ಮನಿಯಾಗಿನ ಬಂಗಾರ ಎಲ್ಲಿ ಹೋತೋ, ಯಾವ ಸಾವ್ಕಾರನ ಕಡೆ ಅಡವು ಕೂತೈತೋ ನನಗ ಗೊತ್ತಿಲ್ಲ. ನನ್ನ ಗಿಡಾ ಈ ಮನಿ ಗ್ವಾಡಿ ಎಬ್ಬಿಸೈತಿ. ಈ ನಯಾಜನ್ನ ಸಾಲಿಗೆ ಹಾಕೈತಿ. ಒಳಗ ಕೂತು ನಿಮಗ ಉತ್ತರಾ ಕೊಟ್ಟಳಲ್ಲ, ಅಕಿನ್ನ ಓದಿಸಿದ್ದೂ ಅದ ಗಿಡಾ. ಆ ಪೈಪಿನ ಷೇರು ಅಂದ್ರ ನನ್ನ ಸಸಿ. ಅದನ್ನ ನಾ ಬ್ಯಾಡ ಅಂದ್ರ ನನ್ನ ಬಾಯಿಗೆ ನಾನ ಮಣ್ಣ ಹಾಕ್ಕೊಂಡಂಗ."

ಮೌಲಾಸಾಬ ಇನ್ನೂ ಪಟ್ಟು ಬಿಡಲಿಲ್ಲ. "ಅಲ್ರಿ ಅಮ್ಮಾರ, ಷೇರು ಬೀಳತಾವು. ಸಣ್ಣ ಕಂಪನಿ ಮುಳುಗೇ ಹೋದ್ರ?"

"ಹೋಗಬಹುದು. ಅದಕ್ಕ ಅಕಿ ಮೂರ ಥರ ಕೇಳ್ಯಾಳ. ನನಗ ಒಂದ ಗಿಡಾ ಇತ್ತು, ಸಿಡ್ಲ ಬಡದ್ರ ಮುಗೀತಿತ್ತು. ಒಂದ ವರ್ಷ ಗಾಳಿಮಳಿಗೆ ಹೂವೆಲ್ಲಾ ಉದುರಿ ಬೋಳಾಗಿ ನಿಂತಿತ್ರಿ. ಕಡದು ಕಟಗಿ ಅಡ್ಡೆಗೆ ಹಾಕ್ಲಿಲ್ಲ ನಾ. ತಾಳಿದವನು ಬಾಳಿಯಾನು ಅಂತ ಸುಮ್ನ ಅಂದಾರೇನು?" ಎಂದು ಬೆರಳೆತ್ತಿದಳು. "ಆದ್ರ ನಂದೊಂದ ಶರತ್ತು. ಕೊಡತೀನಿ ಅನ್ನೂದಲ್ಲ. ನಿಕಾ ಓದೂಕ್ಕಿಂತ ಮೊದಲ ಅಕಿ ಖಾತೇಕ್ಕ ಬರಬೇಕು. ನನ್ನ ಮಾವ ಬರೇ ಮಾತ ಕೊಡಲಿಲ್ಲ, ನನ್ನನ್ನ ಬದುವಿಗೆ ಕರಕೊಂಡ ಹೋಗಿ ಗಿಡಾ ಮುಟ್ಟಿಸಿದ."

ಅಬ್ರಾರ ಆಗ ಮೊದಲ ಸಲ ಮಾತಾಡಿದ. "ಮೂರೂ ಖರೀದಿ ಮಾಡಿ ಇಟ್ಟೀನ್ರಿ ದಾದಿ. ಅಕಿ ಡಿಮ್ಯಾಟ್ ಖಾತೇಕ್ಕ ಹಾಕೂದೊಂದ ಬಾಕಿ."

"ಇಟ್ಟೀಯಾ? ನನಗೊಂದ ಮಾತ ಹೇಳದ?" ಮೌಲಾಸಾಬ ತಮ್ಮನ ಮಗನ ಕಡೆ ಹೊರಳಿದ. ಕಣ್ಣು ದೊಡ್ಡದು ಮಾಡಿ ನೋಡಿದ, ಖಾಜಿಯವರನ್ನು ನೋಡಿದ, ಎದುರಿಗೆ ಜಗ್ಗದೆ ಕೂತ ಮುದುಕಿಯನ್ನು ನೋಡಿದ. ಆಮೇಲೆ ನಕ್ಕುಬಿಟ್ಟ. "ನಾ ತೂಗೂದರಾಗ ಶಾಣ್ಯಾ ಅಂತ ತಿಳಕೊಂಡಿದ್ದೆ. ಇಲ್ಲಿ ತೂಕದ ಕಲ್ಲು ಬ್ಯಾರೇನ ಅದಾವು. ಆತ್ರಿ ಅಮ್ಮಾರ, ತಾರೀಖ ಹಿಡೀರಿ."

ಪರದೆಯ ಹಿಂದೆ ಹೋದ ರಸೂಲಬಿಯನ್ನು ತಸ್ಲೀಮ ಅಪ್ಪಿಕೊಂಡು ಅತ್ತಳು. "ಇಷ್ಟ ದಿನಾ ಯಾಕ ಹೇಳಲಿಲ್ಲ ದಾದಿ?" ಎಂದರೆ, "ನೀ ಕೇಳಿದ್ದು ಯಾವಾಗ?" ಎಂದು ಮುದುಕಿ ಗದರಿದಳು. ಗದರುವಾಗ ಅವಳ ಕಣ್ಣೂ ಒದ್ದೆಯಾಗಿದ್ದವು.

ಮದುವೆಗೆ ಮುಂಚೆ ರಸೂಲಬಿ ಒಂದು ಕೆಲಸ ಹಚ್ಚಿಕೊಂಡಳು. ಆ ವರ್ಷದ ಹುಣಸೆಹಣ್ಣಿನಲ್ಲಿ ಒಳ್ಳೆಯದನ್ನು ಮಾರಲು ಕಳಿಸಲಿಲ್ಲ. ಬೆಲ್ಲ, ಜೀರಿಗೆ, ಉಪ್ಪು, ಖಾರ ಹಾಕಿ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿ ಚುಚ್ಚಿ ಚಿಗಳಿ ಮಾಡಿದಳು. ಒಂದೆರಡಲ್ಲ, ಬುಟ್ಟಿಗಟ್ಟಲೆ. ಮದುವೆಯ ಮನೆಯಲ್ಲಿ ಮಕ್ಕಳ ತಿನಿಸು ಯಾತಕ್ಕೆ ಎಂದು ಶಾಹಿಸ್ತಾ ಕೇಳಿದ್ದಕ್ಕೆ, "ಬೇಕಾಗತೈತಿ" ಎಂದಷ್ಟೇ ಉತ್ತರ.

ನಿಕಾಹಿನ ದಿನ ಬೆಳಿಗ್ಗೆಯೇ ತಸ್ಲೀಮ ಫೋನು ತಂದು ಅಜ್ಜಿಗೆ ತೋರಿಸಿದಳು. ಅಕ್ಷರ ಬಾರದ ರಸೂಲಬಿ ಮೂರು ಸಾಲುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಮುಟ್ಟಿದಳು, ಹಿಂದೊಮ್ಮೆ ಸಸಿಯನ್ನು ಮುಟ್ಟಿದ ಹಾಗೆ. "ಸಣ್ಣದು ಯಾವದು?" ಎಂದು ಕೇಳಿ ತಿಳಿದುಕೊಂಡು ಆ ಸಾಲಿನ ಮೇಲೆ ಬೆರಳನ್ನು ಇನ್ನೂ ಸ್ವಲ್ಪ ಹೊತ್ತು ಇಟ್ಟಳು.

ಗಂಡಸರು ಹಂದರದಲ್ಲಿ, ಹೆಂಗಸರು ಮನೆಯೊಳಗೆ. ಖಾಜಿಯವರ ದನಿ ಮೈಕಿನಲ್ಲಿ ಓಣಿಗೆಲ್ಲ ಕೇಳುತ್ತಿತ್ತು. ಮೆಹರ್ ಎಂದು ಓದಿ ಸಬಕಾರದ ಕಂಪನಿ, ಪಂಪಿನ ಕಂಪನಿ, ಪೈಪಿನ ಕಂಪನಿ ಎಂದು ಒಂದೊಂದೇ ಹೇಳಿದರು. ಹಂದರದಲ್ಲಿ ಅಲ್ಲೊಂದು ಇಲ್ಲೊಂದು ಕಿಸಕ್ಕೆಂದದ್ದು ದೊಡ್ಡದಾಗಿ, ಒಳಗಿನ ಹೆಂಗಸರಿಗೂ ಹತ್ತಿತು. "ಪೈಪ ಅಂತರೀ ಮೆಹರು!" ಎಂದು ಯಾರೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮದುಮಗಳು ತಸ್ಲೀಮ ಅಜ್ಜಿಯನ್ನು ನೋಡಿದಳು. ರಸೂಲಬಿಯ ಬೆನ್ನು ನೆಟ್ಟಗಿತ್ತು, ಮುಖದಲ್ಲಿ ಮದುಮಗಳಿಗಿಂತ ಹೆಚ್ಚಿನ ಕಳೆ ಇತ್ತು. ಹುಡುಗಿಯ ಬಾಯಿಂದ "ಕಬೂಲ್" ಎಂಬ ಮಾತು ಬಂದು ದುವಾ ಮುಗಿಯುತ್ತಲೇ, ಖಜೂರದ ತಾಟಿನ ಜೊತೆಗೆ ಬುಟ್ಟಿಗಳನ್ನು ಹೊರಗೆ ಕಳಿಸಿದಳು. ಒಳಗಿನವರ ಬುಟ್ಟಿಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು.

"ತಗೋರಿ, ನನ್ನ ಮೆಹರಿನ ಗಿಡದ್ದು," ಎನ್ನುತ್ತ ಒಬ್ಬೊಬ್ಬರ ಕೈಗೂ ಒಂದೊಂದು ಚಿಗಳಿ ಕೊಟ್ಟಳು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೀಗೆ ಬುಟ್ಟಿಯಿಂದ ತೆಗೆದು ಹಂಚುವುದು ಇಷ್ಟು ಹಗುರ ಎಂದು ಅವಳಿಗೇ ಗೊತ್ತಿರಲಿಲ್ಲ. ನಗುತ್ತಿದ್ದ ಬಾಯಿಗಳೆಲ್ಲ ಹುಳಿಗೆ ಮುದುಡಿ, ಬೆಲ್ಲಕ್ಕೆ ಅರಳಿ, ಚೀಪುವುದರಲ್ಲಿ ಮುಳುಗಿದವು. ಹೊರಗೆ ಮೌಲಾಸಾಬನೂ ಕಡ್ಡಿ ಹಿಡಿದು ಚೀಪುತ್ತಿದ್ದಾನೆ ಎಂದು ಸುದ್ದಿ ಬಂತು.

ಗೋಡೆಗೆ ಒರಗಿ ಕೂತಿದ್ದಳು ಲಕ್ಷ್ಮೇಶ್ವರದ ಉಡಚವ್ವ. ರಸೂಲಬಿಯ ತವರಿನ ನೆರೆಮನೆಯವಳು, ಚಿಕ್ಕಂದಿನ ಗೆಳತಿ. ಈ ಮದುವೆಗೆಂದು ಬಸ್ಸು ಹತ್ತಿ ಬಂದಿದ್ದಳು. ಅವಳು ಗೆಳತಿಯ ಕೈ ಹಿಡಿದು ಕೆಳಕ್ಕೆ ಎಳೆದು, ಕಿವಿಯಲ್ಲಿ ಹೇಳಿದಳು:

"ರಸೂಲಿ, ಅವತ್ತ ನಿನ್ನ ನಿಕಾದಾಗ ನಾನೂ ನಕ್ಕಿದ್ದೆ ನೋಡ."

"ಗೊತ್ತೈತಿ," ಎಂದಳು ರಸೂಲಬಿ, ಬುಟ್ಟಿಯೊಳಗೆ ಕೈ ಹಾಕುತ್ತ. "ಅದಕ್ಕ ನಿನಗ ಎರಡು."